ಕುರಿ ಔಷಧಿಯ ಗುಟ್ಟು

ಬೆರಿಲ್ ಹನಿಗನ್ ನಲವತ್ತು ವರ್ಷ ಕುರಿಯ ಉಣ್ಣೆ ಕತ್ತರಿಸುವವರ ಶೆಡ್ಡುಗಳಲ್ಲಿ ಅಡುಗೆ ಮಾಡಿದವಳು. ಕತ್ತರಿಸುವವರು ಮುಷ್ಕರ ಹೂಡಿದ ವರ್ಷ ಪೊಲೀಸರು ಬಂದು, ಉಣ್ಣೆ ಲಾರಿಗೆ ಅಡ್ಡ ಮಲಗಿದವರು ಯಾರೆಂದು ಕೇಳಿದಾಗ ಹಿಟ್ಟು ನಾದುತ್ತಲೇ "ನಂಗೇನ್ ಗೊತ್ತು?" ಎಂದಿದ್ದಳು. ಮಲಗಿದವನು ಅವಳ ಗಂಡ ಮೆರ್ವ್, ಒಳಗೆ ಮಂಚದಡಿ ಅವಿತಿದ್ದ. ತಮ್ಮವರನ್ನು ಹಿಡಿದುಕೊಡುವುದಕ್ಕಿಂತ ಹೇಸಿಗೆ ಕೆಲಸ ಆ ಜನಕ್ಕೆ ಬೇರೆ ಇರಲಿಲ್ಲ.

ಎಪ್ಪತ್ತರ ವಯಸ್ಸಿನಲ್ಲಿ ಬಲ ಮೊಣಕಾಲಿಗೆ ಲೋಹದ ಕೀಲು ಹಾಕಿಸಿಕೊಂಡಳು. ಒಂದು ವರ್ಷ ಚೆನ್ನಾಗೇ ಓಡಾಡಿದಳು. ಆಮೇಲೆ ಮೊಣಕಾಲು ಕುಂಬಳಕಾಯಿಯಂತೆ ಊದಿ ಬಿಸಿಯೇರಿತು, ಜ್ವರವೂ ಬಂತು. ಆಸ್ಪತ್ರೆ ಮುನ್ನೂರು ಕಿಲೋಮೀಟರ್ ದೂರ. ಮೆರ್ವ್ ಕುರಿಗಳಿಗೆಂದು ಫ್ರಿಜ್ಜಿನಲ್ಲಿಟ್ಟಿದ್ದ ಪೆನಿಸಿಲಿನ್ ತೆಗೆದು ಐದು ದಿನ ಅವಳ ಕುಂಡಿಗೆ ಚುಚ್ಚಿದ. ಜ್ವರ ಇಳಿಯಿತು, ಊತ ಇಳಿಯಲಿಲ್ಲ. ಕೊನೆಗೆ ಆಸ್ಪತ್ರೆಗೇ ಹೋದರು. ಡಾಕ್ಟರ್ ಲಿಂಡಾ ಟ್ರಾನ್ ಕೀಲಿಗೆ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆಗೆ ಕಳಿಸಿದಳು.

ವಾರದ ನಂತರ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು: "ಸೋಂಕಾಗಿರೋದು ಖಚಿತ. ಆದ್ರೆ ಲ್ಯಾಬಲ್ಲಿ ಯಾವ ಕ್ರಿಮಿನೂ ಬೆಳೀತಿಲ್ಲ. ಬರೋಕೆ ಮುಂಚೆ ಆಂಟಿಬಯಾಟಿಕ್ ಏನಾದ್ರೂ ತಗೊಂಡಿದ್ರಾ?"

"ಇಲ್ಲ," ಎಂದಳು ಬೆರಿಲ್.

"ಯಾವ ಕ್ರಿಮಿ ಅಂತ ಗೊತ್ತಿಲ್ದೆ ಔಷಧಿ ಕೊಡೋದು ಬರೀ ಅಂದಾಜು. ಈ ಕೀಲು ತೆಗ್ದು ಬೇರೆ ಹಾಕ್ಬೇಕು. ಅಂದಾಜು ತಪ್ಪಿದ್ರೆ ಆ ಹೊಸ ಕೀಲಲ್ಲೂ ಕೀವಾಗುತ್ತೆ. ಆಮೇಲೆ ಕಾಲು ಉಳಿಸೋದೇ ಕಷ್ಟ."

ಬೆರಿಲ್‌ಗೆ ಒಂದೇ ಹಟ: ಕಾಲು ಹೋದರೂ ಸರಿ, ಮೆರ್ವ್ ಹೆಸರು ಬಾಯಿಂದ ಬೀಳಬಾರದು.

ಮೆರ್ವ್ ಟೊಪ್ಪಿ ತೆಗೆದ. "ನಾನೇ ಚುಚ್ಚಿದ್ದು, ಡಾಕ್ಟ್ರೇ. ಕುರಿ ಪೆನಿಸಿಲಿನ್."

"ಬಾಯ್ಮುಚ್ಕೊಳೋ ಮುದುಕ!"

"ನೀನ್ ಸುಮ್ನಿರೇ. ಇವ್ರೇನ್ ಪೊಲೀಸಾ?"

ಡಾಕ್ಟರ್ ಮುಖ ಗಂಟಿಕ್ಕಲಿಲ್ಲ. "ಎಷ್ಟು ಕೊಟ್ರಿ?"

"ಒಂದು ದೊಡ್ಡ ಟಗರಿಗೆ ಕೊಡೋಷ್ಟು."

"ಟಗರಾ?" ಬೆರಿಲ್ ಅವನತ್ತ ತಿರುಗಿದಳು. "ಹೆಣ್ಣು ಕುರಿ ಅಂತಾದ್ರೂ ಅನ್ಬಾರ್ದೇನೋ?"

ಟ್ರಾನ್ ನಕ್ಕೇಬಿಟ್ಟಳು. "ಸದ್ಯ, ಹೇಳಿದ್ರಲ್ಲ! ಆ ಔಷಧಿಗೆ ಕ್ರಿಮಿ ಅಡಗಿ ಕೂತಿದೆ, ಸತ್ತಿಲ್ಲ. ಅದಕ್ಕೇ ಲ್ಯಾಬಲ್ಲಿ ಬೆಳೀಲಿಲ್ಲ. ಇನ್ನೆರಡು ವಾರ ಯಾವ ಔಷಧಿನೂ ಮುಟ್ಬೇಡಿ, ಅದು ಮೈಯಿಂದ ಪೂರ್ತಿ ಇಳಿದ್ಮೇಲೆ ಮತ್ತೆ ನೀರು ತೆಗೆಯೋಣ. ಮಧ್ಯೆ ಜ್ವರ ಬಂದ್ರೆ ತಕ್ಷಣ ಫೋನ್ ಮಾಡಿ."

ಆ ಎರಡು ವಾರ ಬೆರಿಲ್ ಹಲ್ಲು ಕಚ್ಚಿ ನೋವು ತಿಂದಳು, ಮೆರ್ವ್ ಬೈಗುಳ ತಿಂದ. ಎರಡನೆಯ ಸಲ ಕ್ರಿಮಿ ಬೆಳೆಯಿತು. ಎಲ್ಲರ ಚರ್ಮದ ಮೇಲೂ ಇರುವ ಮಾಮೂಲಿ ಕ್ರಿಮಿ. ಕುರಿಯ ಪೆನಿಸಿಲಿನ್ನಿಗೆ ಅಡಗುತ್ತದೆಯೇ ಹೊರತು ಸಾಯದು, ಬೇರೆ ಔಷಧಿಗೆ ಸಾಯುತ್ತದೆ. ಫೋನಿನಲ್ಲಿ ಅದನ್ನು ಕೇಳಿ, ಕಾಲು ಉಳಿಯಿತೆಂದು ಬೆರಿಲ್ ಅಡುಗೆಮನೆಯ ನೆಲದ ಮೇಲೇ ಕೂತಳು. ಮೇಲೆಬ್ಬಿಸಲು ಮೆರ್ವ್ ಬರಬೇಕಾಯಿತು.

ಹಳೆ ಕೀಲು ತೆಗೆದು, ಆ ಜಾಗಕ್ಕೆ ತಾತ್ಕಾಲಿಕವಾಗಿ ಔಷಧಿ ಬೆರೆಸಿದ ಮೂಳೆ ಸಿಮೆಂಟಿನ ಗಟ್ಟಿಯಿಟ್ಟರು. ಆರು ವಾರ ತೋಳಿನ ರಕ್ತನಾಳಕ್ಕೆ ಹಾಕಿದ ನಳಿಕೆಯಿಂದ ಔಷಧಿ ಹರಿಸಿದರು. ಸೋಂಕು ಮರುಕಳಿಸಲಿಲ್ಲವೆಂದು ಖಾತ್ರಿಯಾದ ಮೇಲೆ ಹೊಸ ಕೀಲು ಕೂರಿಸಿದರು.

ಮುಂದಿನ ಉಣ್ಣೆ ಕತ್ತರಿಸುವ ಹಂಗಾಮಿನಲ್ಲಿ ಅವಳು ಕೋಲಿಲ್ಲದೆ, ಹುರಿದ ಕುರಿಮಾಂಸದ ತಟ್ಟೆ ಹೊತ್ತು ಶೆಡ್ಡಿನ ಹನ್ನೊಂದು ಮೆಟ್ಟಿಲು ಹತ್ತಿದಳು. ಹುಡುಗರು ಕತ್ತರಿ ನಿಲ್ಲಿಸಿ ಚಪ್ಪಾಳೆ ತಟ್ಟಿದರು.

"ಟಗರು ಬಂತು ನೋಡ್ರೋ!" ಮೆರ್ವ್ ಕೂಗಿದ.

"ಇವನಿಗೆ ಬರೀ ಮೂಳೆ ಹಾಕಿ," ಎಂದು ತಟ್ಟೆ ಕೆಳಗಿಟ್ಟಳು.