ಏಳು ಸಲ ಸತ್ತವನ ಚಾ

ಬೆಟಗೇರಿಯಲ್ಲಿ ನೇಕಾರರ ಓಣಿಯ ತುದಿಗೆ ಒಂದೇ ಕೋಣೆಯ ವಾಚನಾಲಯವಿದೆ. ಅಲ್ಲಿ ಒಂದು ಕಟ್ಟಳೆ. ಪುಸ್ತಕ ಮರಳಿ ತಂದವರು ಅದರ ಕೊನೆಗೆ ಅಂಟಿಸಿದ ಖಾಲಿ ಹಾಳೆಯಲ್ಲಿ ತಮ್ಮ ಅಭಿಪ್ರಾಯ ಬರೆದು, ಕೆಳಗೆ ಹೆಸರು, ಊರು ಹಾಕಬೇಕು. ಬರೆಯದವರಿಗೆ ಮುಂದಿನ ಪುಸ್ತಕವಿಲ್ಲ. ಕಟ್ಟಳೆ ಮಾಡಿದವರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಈ ವಾಚನಾಲಯ ತೆರೆದ ಮಕ್ತುಮಸಾಬ. “ಉಂಡವ್ರು ಉಪ್ಪು ಹೆಚ್ಚೋ ಕಡಿಮಿಯೋ ಹೇಳದ ಎದ್ದು ಹೋದ್ರ ಅಡಗಿ ಮಾಡಿದಾಕಿ ಗತಿ ಏನು?” ಎನ್ನುತ್ತಿದ್ದರು. ತಾವು ಮಾತ್ರ ಮನೆಯಲ್ಲಿ ಉಪ್ಪಿನ ಸುದ್ದಿ ಎತ್ತದೆ ಮೂವತ್ತೆರಡು ವರ್ಷ ಉಂಡು ಎದ್ದ ಮನುಷ್ಯ.

ಅವರು ತೀರಿಕೊಂಡು ಎಂಟು ತಿಂಗಳಾಗಿದೆ. ಗದಗಿನ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುತ್ತ ಕೂತಲ್ಲೇ ಕುಸಿದರು. ಮನೆಗೆ ತಂದು ಮಲಗಿಸಿದಾಗ ಓಣಿಯ ಹೆಂಗಸರೆಲ್ಲ ಹೆಂಡತಿ ಜೈಬುನ್ನೀಸಾಳ ಬಾಯಿ ನೋಡುತ್ತ ನಿಂತರು. ಆಕೆ ಕೇಳಿದ್ದು ಒಂದೇ ಮಾತು: “ಚಾಳೀಸು ತಂದೀರೇನು?” ಕನ್ನಡಕ ಮುದ್ರಣಾಲಯದಲ್ಲೇ ಉಳಿದಿತ್ತು. ಅಂದೂ ಅಳಲಿಲ್ಲ, ನಲವತ್ತರ ದಿನವೂ ಅಳಲಿಲ್ಲ. “ಕಲ್ಲು ಅದಾಳ ಬಿಡ್ರಿ,” ಎಂದಳು ಪಕ್ಕದ ಮನೆಯ ರಹಿಮತಬಿ, ಕೇಳಿಸುವ ಹಾಗೆಯೇ. ಊರ ಬಾಯಿ ಮುಚ್ಚಲು ಯಾರಿಂದ ಆದೀತು?

ಗಂಡ ಸತ್ತವಳು ಹೊರಗೆ ಬರಬಾರದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಕೂತಳು. ಅದು ಮುಗಿದ ಮರುದಿನ ವಾಚನಾಲಯದ ಬೀಗ ತೆಗೆದಳು. ಕಸ ಹೊಡೆಯುತ್ತಾಳೆ, ಪುಸ್ತಕ ಕೊಡುತ್ತಾಳೆ, ಇಸಿದುಕೊಳ್ಳುತ್ತಾಳೆ. ಊಟ ಹೊಟ್ಟೆಗೆ ಹೋಗುತ್ತದೆ, ರುಚಿ ಮಾತ್ರ ತಿಳಿಯುವುದಿಲ್ಲ. ನಾಲ್ಕು ಗಂಟೆಗೆ ಕೈ ತಾನಾಗಿ ಇಬ್ಬರ ಅಳತೆಯ ಚಾ ಇಡುತ್ತದೆ. ಒಂದು ಲೋಟ ಕುಡಿಯುತ್ತಾಳೆ. ಇನ್ನೊಂದು ಕೆನೆಗಟ್ಟುತ್ತ ಕೂತು ಸಂಜೆಗೆ ಮೋರಿ ಸೇರುತ್ತದೆ. ದುಃಖವಾಗುತ್ತದೆಯೇ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎಂದೇ ಹೇಳುತ್ತಿದ್ದಳು. ಅದು ಖರೆಯೇ ಆಗಿತ್ತು.

ಮಕ್ತುಮಸಾಬರು ಬದುಕಿನಲ್ಲಿ ಬರೆದದ್ದು ಒಂದೇ ಪುಸ್ತಕ, ಅದೂ ಅರವತ್ತರ ಹೊಸ್ತಿಲಲ್ಲಿ. ‘ಗೇಟ್ ನಂಬರ್ ಏಳು’ ಎಂಬ ಪತ್ತೇದಾರಿ ಕಾದಂಬರಿ. ಸಾಗರ ಎಂಬ ಗೂಢಚಾರ ವೈರಿಯ ಕೋಟೆಗೆ ನುಗ್ಗಿ ಕಾಗದಪತ್ರ ಕದ್ದು ತರುವ ಕಥೆ. ಕಥೆ ಅವರದಲ್ಲ. ಆಕೆಯನ್ನು ಖಾಲಾ, ಅವರನ್ನು ಖಾಲೂ ಎಂದು ಕರೆಯುವ, ಜೈಬುನ್ನೀಸಾಳ ತಂಗಿಯ ಮಗಳು ಫಿಜಾ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಆಟ ಅದು. ಇಡೀ ಬೇಸಿಗೆ ಅವಳ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದರು. ಅಚ್ಚಾಗಿ ಎರಡು ತಿಂಗಳಿಗೆ ಹೋಗಿಬಿಟ್ಟರು. ಜೈಬುನ್ನೀಸಾ ಅದನ್ನು ಓದಿರಲಿಲ್ಲ. ಗುಂಡು ಹಾರಿಸುವ ಕಥೆಯಲ್ಲಿ ತನಗೇನು ಕೆಲಸ ಎಂದುಕೊಂಡಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಮುದ್ರಣಾಲಯದ ಚನ್ನಬಸವಣ್ಣನವರು ಬಂದರು. ಕೈಯಲ್ಲಿ ಆ ಪುಸ್ತಕದ ಒಂದು ಪ್ರತಿ, ಪುಟಪುಟಕ್ಕೂ ಕೆಂಪು ಗೀಟು.

“ಅಕ್ಕಾರ, ಎರಡನೇ ಸಲ ಅಚ್ಚು ಹಾಕೋಣಂತ. ಕಾಲೇಜಿನ ಹುಡುಗ್ರು ಕೇಳಾಕತ್ತಾರ. ಆದ್ರ ಹಿರೇರು ಬೈತಾರ. ಸತ್ತಾವ ಏಳು ಸಲ ಎದ್ದು ಬರೂದು, ಆ ಚಾ ಕೊಡೂ ಹೆಂಗಸು, ಇವೆರಡೂ ತಗದ್ರ ಪುಸ್ತಕ ಬಿಗಿ ಆಗತೈತಿ. ಓದಿದವ್ರ ಮಾತ ಕೇಳಬೇಕಂತ ಮಕ್ತುಮಸಾಬರ ಹೇಳ್ತಿದ್ರಲಾ?”

ಪುಸ್ತಕವೂ ಬೇಕು, ಬೈಗುಳವೂ ಬೇಡ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಆದರೂ ಕೆಟ್ಟ ಮನುಷ್ಯರಲ್ಲ.

“ಆತು, ತಗೀರಿ,” ಎಂದಳು ಜೈಬುನ್ನೀಸಾ. “ಎಲ್ಲಿ ಸಹಿ ಮಾಡ್ಲಿ?”

ಅಷ್ಟು ಸಲೀಸಾಗಿ ಒಪ್ಪಿದ್ದು ಅವರಿಗೇ ಒಂಥರಾ ಆಯಿತು. “ಹಂಗ ಬ್ಯಾಡ್ರಿ. ಒಮ್ಮೆ ಓದ್ರಿ. ಶುಕ್ರವಾರ ಬರತೇನಿ. ಸಹಿ ಬಿದ್ರ ಆ ಹಾಳಿ ಮತ್ತ ಬರೂದಿಲ್ಲ,” ಎಂದು ಪ್ರತಿಯನ್ನು ಮೇಜಿನ ಮೇಲಿಟ್ಟು ಹೋದರು.

ವಾಚನಾಲಯದ ಪ್ರತಿ ಕಪಾಟಿನಲ್ಲಿತ್ತು. ಆಕೆ ಮೊದಲು ತೆರೆದದ್ದು ಕೊನೆಯ ಹಾಳೆ.

ಹೊಂಬಳದ ಹೊಳೆಯಪ್ಪ ಬರೆದಿದ್ದ: “ಸಾಗರ ಗುಂಡು ಬಿದ್ದು ಸತ್ತ. ನಾ ಕಣ್ಣೀರ ಹಾಕಿದೆ. ಹಾಳಿ ತಿರುವಿದ್ರ ಆರಾಮ ಚಾ ಕುಡಿಯಾಕತ್ತಾನ. ನನ್ನ ಕಣ್ಣೀರ ವಾಪಸ್ ಕೊಡ್ರಿ.” ಲಕ್ಷ್ಮೇಶ್ವರದ ನಂದೀಶ: “ಒಂದು ನಂಬರ್ ಪುಸ್ತಕ. ಆಟ ಆಡಿದವರಿಗೆ ಇದರ ಮಜಾ ಗೊತ್ತು.” ಮುಂಡರಗಿಯ ಐಶ್ವರ್ಯಾ: “ಗೂಢಚಾರಿಕೆ ಕಡಿಮೆ, ಚಾ ಜಾಸ್ತಿ.” ಎಲ್ಲಕ್ಕೂ ಕೆಳಗೆ, ದುಂಡನೆಯ ಅಕ್ಷರದಲ್ಲಿ, ಶಿರಹಟ್ಟಿಯ ಮೋತಿಬಿ ಟೀಚರ್: “ಗಂಡಸು ಏಳು ಸಲ ಸತ್ತರೂ ಆ ಹೆಂಗಸಿನ ಕಣ್ಣಲ್ಲಿ ಒಂದು ಹನಿ ಇಲ್ಲ. ಕಲ್ಲು. ಈ ಪಾತ್ರವನ್ನು ತೆಗೆಯಬೇಕು.”

ಜೈಬುನ್ನೀಸಾ ಅದನ್ನು ಎರಡು ಸಲ ಓದಿದಳು. ಸಿಟ್ಟೇನೂ ಬರಲಿಲ್ಲ.

ಮಧ್ಯಾಹ್ನ ಕಾಲೇಜು ಬಿಟ್ಟು ಬಂದ ಫಿಜಾ ಕೆಂಪು ಗೀಟು ನೋಡಿ ನಗತೊಡಗಿದಳು.

“ಖಾಲಾ, ಸಾಗರ ಸಾಯೂದು ಕಥಿ ಅಲ್ಲ. ನಾ ಆಟ ಸೋತಿದ್ದೆ! ಸೋತ್ರ ಮತ್ತ ಅದ ಜಾಗಾದಿಂದ ಶುರು ಮಾಡಬೇಕಾಗತೈತಿ. ಖಾಲೂ ಹಿಂದ ಕುಂತು ‘ಸತ್ತನಲಾ, ಮುಂದೇನು?’ ಅಂತಿದ್ರು. ನಾ ‘ಮತ್ತ ಎದ್ದು ಬರ್ತಾನ ತಡೀರಿ’ ಅಂದೆ. ಅದನ್ನೂ ಬರ್ಕೊಂಡ್ರು. ಏಳು ಸಲ ಸೋತೆ, ಏಳು ಸಲ ಬರದಾರ.”

“ಮತ್ತ ಆ ಹೆಂಗಸು?”

ಫಿಜಾಳ ನಗು ನಿಂತಿತು. “ಆಟದಾಗ ಹೆಂಗಸ ಇಲ್ಲ ಖಾಲಾ. ಎದ್ದು ಬರೂ ಜಾಗಾದಾಗ ಒಂದು ಹಸರ ದೀಪ ಇರತೈತಿ, ಅಷ್ಟ.”

ಅಂದು ಜೈಬುನ್ನೀಸಾ ವಾಚನಾಲಯದ ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಪುಟದಿಂದ ಓದಿದಳು. ಕೋಟೆ, ಗೋಡೆ, ತುಪಾಕಿ, ಕಾವಲುಗಾರ. ಕಣ್ಣು ಅವುಗಳ ಮೇಲೆ ಹಾಯ್ದು ಹೋಯಿತು. ಸಾಗರ ಸತ್ತ. ಮುಂದಿನ ಪುಟದಲ್ಲಿ ಹಸಿರು ದೀಪವಿರುವ ಒಂದು ಸಣ್ಣ ಮನೆ. ಒಳಗೆ ಒಬ್ಬ ಹೆಂಗಸು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವುದಿಲ್ಲ, ಅಂಗಿಯ ಮೇಲಿನ ರಕ್ತದ ಮಾತು ಎತ್ತುವುದಿಲ್ಲ. ಚಾ ಕೊಡುತ್ತಾಳೆ. ಅವನ ಚಾಳೀಸನ್ನು ಸೆರಗಿನಲ್ಲಿ ಒರೆಸಿ ಕೊಡುತ್ತಾಳೆ. “ಹೋಗಿ ಬರ್ರಿ,” ಎಂದು ಬಾಗಿಲು ಅರ್ಧ ಮುಚ್ಚುತ್ತಾಳೆ.

ಗೂಢಚಾರನಿಗೆ ಚಾಳೀಸು ಯಾಕೆ ಎಂದು ಒಬ್ಬ ಓದುಗನೂ ಕೇಳಿರಲಿಲ್ಲ.

ಏಳು ಸಲವೂ ಹಾಗೆಯೇ. ಹೆಂಗಸು ಅಳುವುದಿಲ್ಲ, ಯಾಕೆಂದರೆ ಅವನು ಬರುತ್ತಾನೆಂದು ಅವಳಿಗೆ ಗೊತ್ತು. ಕೊನೆಯ ಪುಟದಲ್ಲಿ ಸಾಗರ ಎಂಟನೆಯ ಸಲ ಹೊರಟು ಗೇಟು ದಾಟುತ್ತಾನೆ. ಕಾಗದಪತ್ರ ಸಿಕ್ಕವೋ ಇಲ್ಲವೋ, ಬರೆದಿಲ್ಲ. ಹೆಂಗಸು ಒಲೆಯ ಮೇಲೆ ಇಬ್ಬರಿಗಾಗುವಷ್ಟು ನೀರಿಟ್ಟು ಯಾಲಕ್ಕಿ ಕುಟ್ಟುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು.

ಯಾಲಕ್ಕಿ!

ಜೈಬುನ್ನೀಸಾ ಹಿಂದಿನ ಪುಟಗಳನ್ನು ತಿರುವಿ ನೋಡಿದಳು. ಏಳೂ ಕಡೆ ಯಾಲಕ್ಕಿ. ಎಂಟು ತಿಂಗಳಲ್ಲಿ ಮೊದಲ ಸಲ ಆಕೆಗೆ ಸಿಟ್ಟು ಬಂತು, ನೆತ್ತಿಗೇರುವ ಸಿಟ್ಟು. ಮೂವತ್ತೆರಡು ವರ್ಷ ದಿನಕ್ಕೆರಡು ಸಲ ಕುಡಿದ ಚಾದಲ್ಲಿ ಏನಿತ್ತೆಂದು ಈ ಮನುಷ್ಯನಿಗೆ ಗೊತ್ತೇ ಇರಲಿಲ್ಲ! ಬೈಯಬೇಕೆಂದು ಬಾಯಿ ತೆರೆದಳು. ಎದುರಿಗೆ ಕಪಾಟಿತ್ತು. ಬಾಯಿ ಮುಚ್ಚಿ, ಪೆನ್ನು ಹುಡುಕಿಕೊಂಡು, ಕಟ್ಟಳೆಯ ಪ್ರಕಾರ ಕೊನೆಯ ಹಾಳೆಯಲ್ಲಿ ಬರೆದಳು.

ಶುಕ್ರವಾರ ನಾಲ್ಕು ಗಂಟೆಗೆ ಚನ್ನಬಸವಣ್ಣನವರು ಬಂದಾಗ ಒಲೆಯ ಮೇಲೆ ಚಾ ಇತ್ತು. ಆಕೆ ಕೆಂಪು ಗೀಟಿನ ಪ್ರತಿಯನ್ನು, ಜೊತೆಗೆ ವಾಚನಾಲಯದ ಪ್ರತಿಯನ್ನೂ ಅವರತ್ತ ಸರಿಸಿದಳು.

“ಒಂದು ಹಾಳಿನೂ ತಗೀಬ್ಯಾಡ್ರಿ. ಯಾಲಕ್ಕಿ ಇದ್ದಲ್ಲಿ ಸುಂಠಿ ಮಾಡ್ರಿ, ಅಷ್ಟ.”

“ಓದಿದವ್ರ ಅಭಿಪ್ರಾಯ, ಅಕ್ಕಾರ…”

“ನಾನೂ ಓದೇನಿ. ಬರದೇನಿ, ನೋಡ್ರಿ.”

ಒಳಗೆ ಹೋಗಿ ಎರಡು ಲೋಟಗಳಿಗೆ ಚಾ ಸೋಸಿ ತಂದು ಮೇಜಿನ ಮೇಲಿಟ್ಟಳು, ದಿನಾ ಇಡುವ ಹಾಗೆ. ಚನ್ನಬಸವಣ್ಣನವರು ಒಂದನ್ನು ಎತ್ತಿಕೊಂಡು, ಕುಡಿಯುತ್ತ, ವಾಚನಾಲಯದ ಪ್ರತಿಯ ಕೊನೆಯ ಹಾಳೆ ತೆರೆದರು. ಮೋತಿಬಿಯ ದುಂಡನೆಯ ಅಕ್ಷರದ ಕೆಳಗೆ ಓರೆಯಾದ ಸಾಲುಗಳು:

“ಚಾದಾಗ ಯಾಲಕ್ಕಿ ಅಂತ ಬರದಾರ, ತಪ್ಪು. ನಾ ಸುಂಠಿ ಹಾಕತಿದ್ದೆ, ಈಗೂ ಹಾಕತೇನಿ. ಆಕಿ ಕಲ್ಲಲ್ಲ. ಬರ್ತಾರಂತ ಕುಂತಾಳ. ಇನ್ನ ಬರೂದಿಲ್ಲಂತ ಆಕಿಗೆ ಯಾರೂ ತಿಳಿಸಿ ಹೇಳಿಲ್ಲ. ಜೈಬುನ್ನೀಸಾ, ಬೆಟಗೇರಿ.”

ಅವರು ಅದನ್ನು ಮತ್ತೊಮ್ಮೆ ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಕೆಂಪು ಗೀಟಿನ ಪ್ರತಿಯಲ್ಲಿ ಮೊದಲ ಯಾಲಕ್ಕಿಯನ್ನು ಹುಡುಕಿ ಹೊಡೆದು ಹಾಕಿ, ಮೇಲೆ ಸುಂಠಿ ಎಂದು ಬರೆದರು. ಲೋಟದಲ್ಲಿ ಉಳಿದದ್ದನ್ನು ಒಂದೇ ಗುಟುಕಿಗೆ ಮುಗಿಸಿ ಮೇಜಿನ ಮೇಲಿಟ್ಟರು.

ಜೈಬುನ್ನೀಸಾ ಲೋಟ ನೋಡಿದಳು. ಎರಡನೆಯ ಲೋಟ ಖಾಲಿಯಾಗಿತ್ತು, ತಳದಲ್ಲಿ ಸುಂಠಿಯ ಗಸಿ ಮಾತ್ರ. ಎಂಟು ತಿಂಗಳಿಂದ ಆ ಲೋಟದ ಚಾ ಮೋರಿಗಲ್ಲದೆ ಯಾರ ಬಾಯಿಗೂ ಹೋಗಿರಲಿಲ್ಲ. ಆಕೆ ಕುರ್ಚಿಯಲ್ಲಿ ಕುಸಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಪಕ್ಕದ ಮನೆಗೆ ಕೇಳುವ ಹಾಗೆ ಅತ್ತಳು.

ಚನ್ನಬಸವಣ್ಣನವರು ಗಾಬರಿಯಿಂದ ಎದ್ದರು. “ಅಕ್ಕಾರ, ಅದು ಬ್ಯಾರೇದವ್ರ ಚಾ ಆಗಿತ್ತೇನ್ರಿ? ನಾ ಕುಡದು ತಪ್ಪು ಮಾಡಿದೆನೇನು?”

“ಇಲ್ಲರಿ,” ಎಂದಳು ಜೈಬುನ್ನೀಸಾ, ಉಸಿರು ಸಿಕ್ಕ ಮೇಲೆ. “ಕುಡದದ್ದು ಚಲೋ ಆತು.”