‘ತಡೆ’ ಎನ್ನದೆ ಸೋತ ಆಟ

ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇಲ್ಲ ಅಂದರೆ ಸುಳ್ಳಾಗುತ್ತದೆ.

ಭದ್ರಾವತಿಯ ಕಾಗದನಗರದಲ್ಲಿ ನನ್ನ ಈ ಗೆಳತಿಯದೂ ನಮ್ಮದೂ ಅಕ್ಕಪಕ್ಕದ ಕ್ವಾರ್ಟರ್ಸ್. ಅವಳಮ್ಮ ನರ್ಸ್, ರಾತ್ರಿ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಅವರ ಮನೆಯ ಹಾಲ್‌ನಲ್ಲೇ ನಾವಿಬ್ಬರೂ ಕಾರ್ಡಿನ ಯುದ್ಧದಾಟ ಆಡುತ್ತಿದ್ದೆವು, ಉಸಿರೆತ್ತದೆ. ಆ ಆಟದ ಕೋಟೆ ಕಾರ್ಡಿನ ಮೇಲೆ ಹೀಗೆ ಅಚ್ಚಾಗಿದೆ: ‘ಎದುರಾಳಿ ದಾಳಿ ಮಾಡಿದೊಡನೆ “ತಡೆ” ಎಂದು ಗಟ್ಟಿಯಾಗಿ ಹೇಳಿದರೆ ಮಾತ್ರ ನಿಮ್ಮ ರಾಜ ಉಳಿಯುತ್ತಾನೆ.’ ಗಟ್ಟಿಯಾಗಿ ಹೇಳಿದ್ದರೆ ಅವಳಮ್ಮ ಎದ್ದು ಇಬ್ಬರಿಗೂ ಮಂಗಳಾರತಿ ಎತ್ತುತ್ತಿದ್ದರು. ಅದಕ್ಕೇ ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದರೆ ಸಾಕು ಅಂತ ಅವಳೇ ಕಾನೂನು ಮಾಡಿದಳು. ಆರು ವರ್ಷ ಹಾಗೇ ಆಡಿದೆವು.

ಹೋದ ವರ್ಷ ಶಿವಮೊಗ್ಗದ ವಿನೋಬನಗರದಲ್ಲಿ ಅದೇ ಆಟದ ಪಂದ್ಯಾವಳಿ. ಗೆದ್ದ ಒಬ್ಬರಿಗೆ ಮಾತ್ರ ರಾಜ್ಯಮಟ್ಟಕ್ಕೆ ಅವಕಾಶ. ಒಂದೇ ಬಸ್ಸಿನಲ್ಲಿ ಹೋದೆವು, ಒಂದೇ ಪ್ಲೇಟಿನಲ್ಲಿ ಮಂಡಕ್ಕಿ ತಿಂದೆವು. ನನ್ನ ಹಣೆಬರಹ, ಫೈನಲ್‌ನಲ್ಲಿ ಎದುರುಬದುರು ಕೂತವರೂ ನಾವೇ.

ಕೊನೆಯ ಸುತ್ತಿನಲ್ಲಿ ಅವಳು ನನ್ನ ರಾಜನ ಮೇಲೆ ದಾಳಿ ಮಾಡಿದಳು. ನಾನು ಕೋಟೆ ಕಾರ್ಡು ಇಟ್ಟು, ಎದುರಿಗಿದ್ದವಳು ಅವಳೇ ಆದ್ದರಿಂದ ಅಭ್ಯಾಸಬಲದಿಂದ ಎರಡು ಸಲ ತಟ್ಟಿದೆ. ಮುಂದಿನ ಸರದಿಯಲ್ಲಿ ನಾನು ಗೆಲ್ಲುವುದು ಇಬ್ಬರಿಗೂ ಗೊತ್ತಿತ್ತು. ಅವಳು ಕೈ ಎತ್ತಿ ತೀರ್ಪುಗಾರರನ್ನು ಕರೆದಳು.

“ಸರ್, ಇವಳು ತಡೆ ಅನ್ಲಿಲ್ಲ.”

ನನಗೆ ನಗುವೇ ಬಂತು. “ಏ ಮಾರಾಯ್ತಿ, ತಟ್ಟಿದ್ನಲ್ಲೇ! ಸರ್, ನಾವು ಚಿಕ್ಕೋರಿಂದ ಹಿಂಗೇ ಆಡೋದು. ಇವಳನ್ನೇ ಕೇಳಿ ಬೇಕಾದ್ರೆ.”

ಅವರು ಅವಳ ಕಡೆ ತಿರುಗಿದರು. “ಹೌದೇನಮ್ಮ? ತಟ್ಟಿದ್ರೆ ತಡೆ ಅಂತ ಮಾತಾಡ್ಕೊಂಡಿದ್ರಾ?”

ಅವಳು ಕೈಯಲ್ಲಿದ್ದ ಕಾರ್ಡು ಜೋಡಿಸುತ್ತಾ, “ಇಲ್ಲ ಸರ್. ನಂಗೇನೂ ಗೊತ್ತಿಲ್ಲ” ಅಂದಳು.

ಮುಖ ನೋಡಿ ಹೇಳೇ ಅಂತ ಕಿರುಚಬೇಕು ಅನ್ನಿಸಿತು, ಅಷ್ಟರಲ್ಲಿ ತೀರ್ಪುಗಾರರು ನನ್ನ ಕೋಟೆ ಕಾರ್ಡನ್ನು ಪಕ್ಕಕ್ಕೆ ಸರಿಸಿದರು. ರಾಜ ಹೋದ, ಪಂದ್ಯವೂ ಹೋಯಿತು.

ಹೊರಡುವಾಗ ತೀರ್ಪುಗಾರರು ಸಮಾಧಾನ ಮಾಡಿದರು. “ಬೇಜಾರ್ ಮಾಡ್ಕೋಬೇಡಮ್ಮ. ಅವಳು ಹೌದು ಅಂದಿದ್ರೂ ನೀನು ಸೋಲ್ತಿದ್ದೆ. ಕಾರ್ಡಲ್ಲಿ ಏನು ಬರ್ದಿದ್ಯೋ ಅದೇ ನಮ್ಗೆ. ಸುಮ್ನೆ ಕೇಳ್ದೆ ಅಷ್ಟೆ.”

ಅಂದರೆ ನಿಜ ಹೇಳಿದ್ದರೂ ಅವಳೇ ಗೆಲ್ಲುತ್ತಿದ್ದಳು. ಆಗ ಬೈದುಕೊಂಡಾದರೂ ನಾನೇ ಅವಳ ಬ್ಯಾಗು ಹೊತ್ತು, ರಾಜ್ಯಮಟ್ಟದ ಆಟಕ್ಕೆ ಬಸ್ ಹತ್ತಿಸಿ ಬರುತ್ತಿದ್ದೆ.