ರನ್‌ವೇ ಪಕ್ಕದ ಪಾರಣೆ

ನಮ್ಮಮ್ಮ ಐವತ್ತು ವರ್ಷದಲ್ಲಿ ಒಂದು ಏಕಾದಶಿಯನ್ನೂ ತಪ್ಪಿಸಿದವರಲ್ಲ. ಅಂದು ಹನಿ ನೀರೂ ಇಲ್ಲ. ಮರುದಿನ ದ್ವಾದಶಿ ಬೆಳಿಗ್ಗೆ ಪಂಚಾಂಗ ಹೇಳಿದ ಹೊತ್ತಿನೊಳಗೆ ಉಪವಾಸ ಮುರಿಯುವ ಪಾರಣೆ. ಹೊತ್ತು ಮೀರಿದರೆ ಉಪವಾಸ ಮಾಡಿಯೂ ಮಾಡದಂತೆ. ಇಂಥವರಿಗೆ ನಾನು ದ್ವಾದಶಿ ಬೆಳಿಗ್ಗೆ ಆರಕ್ಕೇ ಮದರಾಸಿನಿಂದ ಬೆಂಗಳೂರಿಗೆ ವಿಮಾನದ ಟಿಕೆಟ್ ತೆಗೆಸಿದೆ. ನುಂಗಂಬಾಕ್ಕಂನ ಕಚೇರಿಯಲ್ಲಿ ಇಪ್ಪತ್ತು ವರ್ಷ ಫೈಲು ನೋಡಿದವನಿಗೆ ಪಂಚಾಂಗ ನೋಡಲು ಹೊಳೆಯಲಿಲ್ಲ.

ಅಮ್ಮ ಬೈಯಲಿಲ್ಲ. ಪಾರಣೆಗೆ ಒಂಬತ್ತರವರೆಗೆ ಸಮಯವಿತ್ತು. ಬೆಂಗಳೂರಿನಲ್ಲಿ ತಂಗಿ ಅಗಸೆ ಸೊಪ್ಪು ಬೇಯಿಸಿಕೊಂಡು ಕಾಯುವವಳಿದ್ದಳು. ಆದರೂ ಇರಲಿ ಎಂದು ಅಮ್ಮ ಮೊಸರವಲಕ್ಕಿ ಕಟ್ಟಿಕೊಂಡರು. ಮೊಸರು ಚೆಲ್ಲೀತೆಂಬ ದೂರದೃಷ್ಟಿಯಿಂದ ನಾನು ಆ ಡಬ್ಬಿಯನ್ನು ಸೂಟ್‌ಕೇಸಿನೊಳಗೆ ಭದ್ರಪಡಿಸಿದೆ. ಸೂಟ್‌ಕೇಸು ವಿಮಾನದ ಹೊಟ್ಟೆ ಸೇರಿತು.

ಕಾರ್ತಿಕದ ಮಳೆ ಹಿಡಿಯಿತು. ನಮ್ಮನ್ನು ತುಂಬಿಕೊಂಡ ವಿಮಾನ ರನ್‌ವೇ ಪಕ್ಕ ಗಾಳಿಗೆ ಅಲುಗುತ್ತ ನಿಂತೇಬಿಟ್ಟಿತು. ಏಳಾಯಿತು, ಎಂಟಾಯಿತು.

“ಡಬ್ಬಿ ಎಲ್ಲೋ?” ಎಂದರು ಅಮ್ಮ.

ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು.

ಗುಟುಕು ನೀರಾದರೂ ಪಾರಣೆಗೆ ಸಾಕು ಎಂದು ಶಾಸ್ತ್ರ ದಯೆ ತೋರಿದೆ. ಅಮ್ಮನ ಶಾಸ್ತ್ರ ಇನ್ನೂ ಬಿಗಿ: ನೀರು ಮನೆಯದಾಗಿರಬೇಕು. ಗಗನಸಖಿ ತಂದ ಲೋಟವನ್ನು ಕೈಮುಗಿದು ಹಿಂದಿರುಗಿಸಿದರು.

ನನ್ನ ಆಚೆ ಬದಿಗೆ ಮದರಾಸಿನ ಕ್ರೋಂಪೇಟೆಯ ಹಿರಿಯರೊಬ್ಬರು ಕೂತಿದ್ದರು. ಹತ್ತಿದಾಗಿನಿಂದ ಸೀಟಿನ ತೊಗಲನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, ಹದ ಚೆನ್ನಾಗಿದೆ ಎಂದು ತೀರ್ಪು ಕೊಟ್ಟಿದ್ದರು. ಈಗ ಚೀಲದಿಂದ ಬಾಟಲಿ ತೆಗೆದು, ಇದು ಹೆಂಡತಿ ಜೀರಿಗೆ ಹಾಕಿ ಕಾಯಿಸಿದ ಮನೆ ನೀರು ಎಂದು ತಮಿಳಿನಲ್ಲಿ ಹೇಳಿದರು. ಚಾಚಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, ತಮ್ಮದು ಚರ್ಮ ಹದ ಮಾಡುವ ಕಸುಬು ಎಂದೂ ಸೇರಿಸಿದರು.

ಗಡಿಯಾರ ಒಂಬತ್ತಕ್ಕೆ ಹತ್ತು ನಿಮಿಷ ತೋರುತ್ತಿತ್ತು. ನಾನು ಮಳೆಯನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದೆ.

ಅಮ್ಮ ಸೀಟನ್ನು ಒಮ್ಮೆ ತಟ್ಟಿದರು. “ಮೂರು ತಾಸಿನಿಂದ ಇದರ ಮೇಲೇ ಕೂತಿದೀನಲ್ಲೋ,” ಎಂದು ನನಗೆ ಹೇಳಿ, ಅವರತ್ತ ಬೊಗಸೆ ಒಡ್ಡಿದರು. ಕಣ್ಣುಮುಚ್ಚಿ ಮೂರು ಗುಟುಕು ಕುಡಿದರು.

ವಿಮಾನ ಹತ್ತಕ್ಕೆ ಹೊರಟು, ಮೋಡದೊಳಗೆ ನಮ್ಮನ್ನು ಅಕ್ಕಿ ಕೇರಿದಂತೆ ಕೇರಿತು. ನಾನು ನೆನಪಿದ್ದ ದೇವರನ್ನೆಲ್ಲ ಕರೆದೆ. ಅಮ್ಮ ನಿದ್ದೆ ಹೋಗಿದ್ದರು. ಇಳಿಯುವಾಗ ತಮ್ಮ ಹರಕು ತಮಿಳಿನಲ್ಲಿ ಆ ಹಿರಿಯರನ್ನು ಮದರಾಸಿನ ನಮ್ಮ ಮನೆಗೆ ದ್ವಾದಶಿ ಊಟಕ್ಕೆ ಕರೆದು, ಬೇಗ ಬರಬೇಕೆಂದು ಎಚ್ಚರಿಸಿದರು.

ಮುಂದಿನ ದ್ವಾದಶಿಯ ಬೆಳಿಗ್ಗೆ ಆರೂವರೆಗೇ, ಜೋರು ಮಳೆಯಲ್ಲಿ, ನಮ್ಮ ಮನೆಯ ಕರೆಗಂಟೆ ಸದ್ದಾಯಿತು. ಒಂದು ಕೊಡೆಯಡಿ ಗಂಡ ಹೆಂಡತಿ ಇಬ್ಬರೂ ನಿಂತಿದ್ದರು.

“ಇನ್ನೆರಡು ಎಲೆ ಹಾಕೋ,” ಎಂದರು ಅಮ್ಮ ಒಳಗಿನಿಂದ.